ಮಧ್ಯದ ವಾಚು

ಮಕ್ಕಳು ಅವಳನ್ನು ಸೊನ್ನೆ ಮಿಸ್ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಅಷ್ಟು ಎದೆಗಾರಿಕೆ ಆ ಹೈಸ್ಕೂಲಿನಲ್ಲಿ ಯಾರಿಗೂ ಇರಲಿಲ್ಲ. ಲೆಕ್ಕದ ಉತ್ತರ ತಪ್ಪಿದ್ದರೂ ಪಾಪ, ಮಗು ಅರ್ಧ ಪುಟ ಬರೆದಿದೆಯಲ್ಲ ಎಂದು ಬೇರೆ ಟೀಚರುಗಳು ಒಂದೋ ಎರಡೋ ಮಾರ್ಕು ಹಾಕುವ ಕಡೆ ಇವಳು ಕೈವಾರ ಹಿಡಿದು ಎಳೆದ ಹಾಗೆ ದುಂಡಗೆ ಒಂದು ಸೊನ್ನೆ ಇಳಿಸುತ್ತಿದ್ದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅರ್ಧ ಮಾರ್ಕನ್ನೂ ದಾನ ಮಾಡಿದವಳಲ್ಲ. ಹಾಗೆಂದು ಕೆಟ್ಟವಳೂ ಅಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಅಂಥ ಒದೆಗಳನ್ನು ತಿಂದೂ ತಿಂದೂ ಎದೆ ಗಟ್ಟಿ ಮಾಡಿಕೊಂಡವಳು, ಅಷ್ಟೇ.

ವಯಸ್ಸು ನಲವತ್ತೆರಡು. ಮದುವೆಯಾಗಿಲ್ಲ. ಶಾಲೆಯಿಂದ ಎರಡು ಬೀದಿ ಆಚೆ, ಕನ್ನಡಕದಂಗಡಿಯವರ ಮನೆಯ ಮಹಡಿ ಮೇಲೆ ಒಂದು ಕೋಣೆ. ಹತ್ತಲು ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಬೆಕ್ಕು ಹತ್ತಿದರೂ ಇಡೀ ಮನೆಗೆ ಕೇಳುವಂಥ ಮೆಟ್ಟಿಲು ಅದು. ಅಮ್ಮ ಹೋದ ಮೇಲೆ ಅದರ ಮೇಲೆ ಅವಳದಲ್ಲದ ಹೆಜ್ಜೆಯ ಸದ್ದು ಆಗಿರಲಿಲ್ಲ. ಅಣ್ಣ ಭಾನುವಾರ ಫೋನ್ ಮಾಡುತ್ತಿದ್ದ. "ಊಟ ಆಯ್ತಾ?" "ಆಯ್ತು. ನಿಮ್ದೆಲ್ಲ?" "ಆಯ್ತು. ನಿಮ್ಮತ್ತಿಗೆ ಕೇಳಿದೆ ಅಂದ್ಲು." ಅಲ್ಲಿಗೆ ವಾರದ ಮಾತು ಮುಗಿಯಿತು. ಶಾಲೆಯಲ್ಲಿ ದಿನಕ್ಕೆ ಆರು ಪೀರಿಯಡ್ಡು ಗಂಟಲು ಕಟ್ಟುವಷ್ಟು ಮಾತಾಡುತ್ತಿದ್ದಳು, ನಿಜ. ಆದರೆ ಬೀಜಗಣಿತ ಹೇಳಿಕೊಡುವುದನ್ನೂ ಮಾತುಕತೆ ಎನ್ನುವುದಾದರೆ ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕಕ್ಕಿಂತ ದೊಡ್ಡ ಮಾತುಗಾರರು ಯಾರೂ ಇಲ್ಲ.

ಅದು ಸಿಸ್ಟರುಗಳು ನಡೆಸುವ ಶಾಲೆ. ಗೇಟಿನ ಮೇಲೆ ಕೈ ಚಾಚಿ ನಿಂತ ಮಾತೆಯ ಪ್ರತಿಮೆ, ಒಳಗೆ ಎಡಕ್ಕೆ ಚಾಪೆಲ್ಲು, ಬಲಕ್ಕೆ ತರಗತಿಗಳು, ಹಿಂದೆ ಸುಣ್ಣದ ಗೆರೆ ಎಳೆದ ಮೈದಾನ. ಅವಳು ಓದಿದ್ದೂ ಅಲ್ಲೇ. ಅವಳ ಅಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಹೆಡ್ ಸಿಸ್ಟರ ಕೋಣೆಯ ಎದುರು ಗೋಡೆಗೆ ಕ್ರೀಡಾ ದಾಖಲೆಗಳ ಹಸಿರು ಬೋರ್ಡೊಂದಿದೆ. ಅದರಲ್ಲಿ ಎಲ್ಲ ಸಾಲುಗಳೂ ಅಳಿಸಿ ಹೊಸದಾಗಿ ಬರೆದವು, ಒಂದನ್ನು ಬಿಟ್ಟು. ಹುಡುಗಿಯರ ಎಂಟುನೂರು ಮೀಟರ್: ಎರಡು ನಿಮಿಷ ಮೂವತ್ತೊಂದು ಪಾಯಿಂಟ್ ಆರು ಸೆಕೆಂಡ್. ಅದರ ಮುಂದೆ ಜ್ಞಾನಸ್ನಾನದ ದಿನ ಪಾದ್ರಿಗಳು ಇಟ್ಟ, ನಾಲ್ಕು ತುಂಡಿನ, ಬೋರ್ಡಿನ ಅಂಚಿನವರೆಗೂ ಹೋದ ಉದ್ದನೆಯ ಹೆಸರು. ಇಪ್ಪತ್ತಾರು ವರ್ಷದಿಂದ ಅದು ಹಾಗೇ ಇದೆ, ಬಣ್ಣ ಹಳದಿಗೆ ತಿರುಗಿದೆ.

ಅದು ಸೊನ್ನೆ ಮಿಸ್ಸಿನ ಹೆಸರು ಎಂದು ಈಗಿನವರಿಗೆ ಗೊತ್ತಿರಲಿಲ್ಲ. ವೇಳಾಪಟ್ಟಿಯಲ್ಲಿ ಅವಳು ಬರೀ ಎರಡು ಇನಿಷಿಯಲ್ಲು. ಗೊತ್ತಿದ್ದ ಟೀಚರುಗಳೆಲ್ಲ ನಿವೃತ್ತರಾಗಿ ಹೋಗಿದ್ದರು. ಉಳಿದವರು ಹೆಡ್ ಸಿಸ್ಟರ್ ಒಬ್ಬರು. ಅವಳೂ ಹೇಳಿಕೊಳ್ಳುವವಳಲ್ಲ. ಆದರೆ ದಿನಾ ಬೆಳಗ್ಗೆ ಹಾಜರಿ ಪುಸ್ತಕ ತೆಗೆದುಕೊಳ್ಳಲು ಹೋದಾಗ ಒಂದು ಕಣ್ಣು ಆ ಸಾಲಿನ ಮೇಲೆ ಹಾಯಿಸಿಯೇ ಮುಂದಕ್ಕೆ ಹೋಗುತ್ತಿದ್ದಳು. ಆ ಓಟ ಗೆದ್ದ ದಿನ ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ಮೈದಾನಕ್ಕೆ ಓಡಿ ಬಂದು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದ್ದಳು. ಒದ್ದೆ ಕೈಯ ಚಪ್ಪಾಳೆಗೆ ಬೇರೆಯದೇ ಸದ್ದು. ಆಮೇಲೆ ತನಗೆಂದು ಯಾರಾದರೂ ಕೈ ತಟ್ಟಿದ ನೆನಪು ಅವಳಿಗಿರಲಿಲ್ಲ.

ಓಟ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಮೈದಾನ ಬಿಟ್ಟಿರಲಿಲ್ಲ. ಕ್ರೀಡಾಕೂಟದಲ್ಲಿ ಮುಖ್ಯ ಸಮಯಪಾಲಕಿ ಅವಳೇ. ಗೆದ್ದವರ ಸಮಯವನ್ನು ಮೂರು ಸ್ಟಾಪ್‌ವಾಚುಗಳಲ್ಲಿ ಹಿಡಿಯುವುದು ಅಲ್ಲಿನ ಕ್ರಮ. ಒಂದು ಪಿ.ಟಿ. ಮೇಷ್ಟ್ರ ಕೈಯಲ್ಲಿ, ಒಂದು ಲ್ಯಾಬ್ ಅಟೆಂಡರ್ ಕೈಯಲ್ಲಿ, ಒಂದು ಅವಳ ಕೈಯಲ್ಲಿ. ಮೂರರಲ್ಲಿ ಅತಿ ಬೇಗದ್ದನ್ನೂ ಅತಿ ತಡವಾದದ್ದನ್ನೂ ಬಿಟ್ಟು ಮಧ್ಯದ್ದನ್ನು ಬರೆದುಕೊಳ್ಳುತ್ತಾರೆ. ಪಿ.ಟಿ. ಮೇಷ್ಟ್ರದು ಆತುರದ ಹೆಬ್ಬೆರಳು, ಹುಡುಗರು ದಾರ ಮುಟ್ಟುವ ಮೊದಲೇ ಒತ್ತಿಬಿಡುತ್ತದೆ. ಅಟೆಂಡರ್ ಒತ್ತುವ ಮೊದಲು ಒಂದು ಗಳಿಗೆ ಯೋಚನೆ ಮಾಡುವ ಮನುಷ್ಯ. ಹೀಗಾಗಿ ಮಧ್ಯದ ವಾಚು ಯಾವತ್ತೂ ಸೊನ್ನೆ ಮಿಸ್ಸಿನದೇ. ಉಳಿದಿಬ್ಬರು ತಮ್ಮ ವಾಚನ್ನು ಅವಳಿಗೆ ತೋರಿಸಬೇಕು. ಅವಳದನ್ನು ಯಾರೂ ನೋಡುತ್ತಿರಲಿಲ್ಲ. ಅವಳು ಹೇಳಿದ್ದೇ ಸಮಯ.

ಆ ವರ್ಷ ಹತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಕಾಲು ಉದ್ದ, ಕುತ್ತಿಗೆ ಉದ್ದ, ಮಾತು ಇನ್ನೂ ಉದ್ದ. ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅಪ್ಪ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಹುಡುಗಿ ಓಡಿದರೆ ನೋಡುವ ಹಾಗಿತ್ತು. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಮೂವತ್ನಾಲ್ಕು ಬಂತು. ಯಾವ ವಿಷಯದಲ್ಲೇ ಆಗಲಿ, ಮೂವತ್ತೈದಕ್ಕಿಂತ ಕಡಿಮೆ ಬಂದರೆ ಕ್ರೀಡಾಕೂಟಕ್ಕೆ ಇಳಿಯುವಂತಿಲ್ಲ ಎಂಬುದು ಶಾಲೆಯ ನಿಯಮ.

ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಅವಳ ಮೇಜಿನ ಮುಂದೆ ನಿಂತರು.

"ಒಂದೇ ಒಂದು ಮಾರ್ಕ್ ಮಿಸ್. ನಿಮ್ಮ ಗಂಟೇನು ಹೋಗುತ್ತೆ?"

"ನನ್ನ ಗಂಟಾಗಿದ್ರೆ ಕೊಡ್ತಿದ್ದೆ ಮೇಷ್ಟ್ರೇ. ಅವಳು ಬರೆದಿದ್ದು ಮೂವತ್ನಾಲ್ಕಕ್ಕೆ."

"ಹತ್ತನೇ ಕ್ಲಾಸು. ಇದೇ ಕೊನೇ ವರ್ಷ ಅವಳಿಗೆ."

"ಎಂಟು ವಾರ ಬಿಟ್ಟು ಮರುಪರೀಕ್ಷೆ ಇದೆ. ಬರೀಲಿ."

ಮೇಷ್ಟ್ರು ಗೊಣಗುತ್ತ ಹೋದರು. ಆದರೆ ಅವರು ಜಾಣರು. ಮುಂದಿನ ಬುಧವಾರವೇ, ಇನ್ನೂ ಯಾವ ಸಂಘಕ್ಕೂ ಸೇರಿರದ ಹುಡುಗಿಯನ್ನು ಕೊರಳುಪಟ್ಟಿ ಹಿಡಿದಷ್ಟೇ ಪ್ರೀತಿಯಿಂದ ಗಣಿತ ಸಂಘಕ್ಕೆ ತಂದು ಬಿಟ್ಟರು.

ಆ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬುಧವಾರದ ಕೊನೆಯ ಪೀರಿಯಡ್ಡು ಸಂಘಗಳದ್ದು. ಚರ್ಚಾ ಸಂಘ, ನಾಟಕ ಸಂಘ, ಗಾಯನ ಸಂಘ, ಗಿಡ ನೆಡುವವರ ಸಂಘ. ಗಣಿತ ಸಂಘಕ್ಕೆ ಹಿಂದಿನ ವರ್ಷ ಅವಳಿ ಅಕ್ಕತಂಗಿಯರಿಬ್ಬರು ಇದ್ದರು. ಅವರು ಪಾಸಾಗಿ ಹೋದ ಮೇಲೆ ಯಾರೂ ಸೇರಿರಲಿಲ್ಲ. ಸತತ ಮೂರು ಬುಧವಾರ ಯಾರೂ ಬರದಿದ್ದರೆ ಸಂಘ ಮುಚ್ಚಬೇಕು. ಸೊನ್ನೆ ಮಿಸ್ ಹಾಜರಿ ಪುಸ್ತಕದಲ್ಲಿ ತಾನೇ ಎರಡು ಸೊನ್ನೆ ಬರೆದು ಮೂರನೆಯದಕ್ಕೆ ಪೆನ್ನು ತೆರೆದಿದ್ದಾಗ ಕೊಕ್ಕರೆ ಒಳಗೆ ಬಂದದ್ದು.

"ಮಿಸ್, ನಾನೊಬ್ಬಳೇನಾ?"

"ಸಂಘ ಅನ್ನೋದಕ್ಕೆ ಇಬ್ಬರು ಸಾಕು. ಕೂತ್ಕೋ."

ಮೊದಲ ವಾರ ಹುಡುಗಿ ಗಡಿಯಾರ ನೋಡುತ್ತ ಕೂತಳು. ಎರಡನೇ ವಾರ ಸೊನ್ನೆ ಮಿಸ್ ಪುಸ್ತಕ ಮುಚ್ಚಿಟ್ಟು ಕೇಳಿದಳು, "ನಿನ್ನ ಎಂಟುನೂರು ಮೀಟರಿನ ಒಂದೊಂದು ಸುತ್ತಿಗೂ ಎಷ್ಟೆಷ್ಟು ಸೆಕೆಂಡ್ ಹಿಡಿಯುತ್ತೆ, ಬರಿ." ಮೈದಾನದ ಒಂದು ಸುತ್ತು ಇನ್ನೂರು ಮೀಟರು, ಒಟ್ಟು ನಾಲ್ಕು ಸುತ್ತು. ಹುಡುಗಿ ಬರೆದಳು: ಮೂವತ್ನಾಲ್ಕು, ಮೂವತ್ತೆಂಟು, ನಲವತ್ತೊಂದು, ನಲವತ್ಮೂರು. ಕೂಡಿಸು ಎಂದಳು ಮಿಸ್. ಸರಾಸರಿ ತೆಗಿ ಎಂದಳು. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಶೇಕಡಾ ಎಷ್ಟು ವ್ಯತ್ಯಾಸ ನೋಡು ಎಂದಳು. ಪಠ್ಯಪುಸ್ತಕದ ರೈಲು, ಕೊಳಾಯಿ, ತೊಟ್ಟಿಗಳಿಗೆ ಜಗ್ಗದ ಹುಡುಗಿ ತನ್ನ ಕಾಲಿನ ಲೆಕ್ಕಕ್ಕೆ ಬಗ್ಗಿ ಕೂತಳು.

"ಮೊದಲನೇ ಸುತ್ತಲ್ಲಿ ಜಂಬ ಮಾಡ್ತೀಯ, ಕೊನೇ ಸುತ್ತಲ್ಲಿ ಅದರ ಬಡ್ಡಿ ಕಟ್ತೀಯ," ಎಂದಳು ಸೊನ್ನೆ ಮಿಸ್. "ಮೂವತ್ತೇಳರಲ್ಲಿ ಶುರು ಮಾಡು. ಬೇರೆಯವರು ಮುಂದೆ ಹೋದ್ರೆ ಹೋಗ್ಲಿ. ಮೂರನೇ ಸುತ್ತಲ್ಲಿ ಎದೆ ಉರಿಯುತ್ತೆ, ಆಗ ಕೈ ಬೀಸೋದು ಬಿಡಬೇಡ. ಕೈ ಹೋದ ಕಡೆ ಕಾಲು ಬರುತ್ತೆ."

"ನಿಮಗೆ ಹೇಗೆ ಗೊತ್ತು ಮಿಸ್?"

"ಲೆಕ್ಕ," ಎಂದಳು.

ಹೇಳಬಹುದಿತ್ತು ಆಗಲೇ. ಹೇಳಬೇಕೆಂದು ನಾಲಿಗೆ ತುದಿಗೂ ಬಂದಿತ್ತು. ಅಷ್ಟರಲ್ಲಿ ಹುಡುಗಿಯೇ ಶುರುಮಾಡಿದಳು: "ಬೋರ್ಡ್ ಮೇಲೆ ಒಂದು ಹಳೇ ಹೆಸರಿದೆಯಲ್ಲ ಮಿಸ್, ಅದನ್ನ ಅಳಿಸಬೇಕು ನಾನು. ಇಪ್ಪತ್ತಾರು ವರ್ಷ ಅಂತೆ. ಆ ಅಜ್ಜಿ ಬದುಕಿದ್ದಾಳೋ ಇಲ್ವೋ."

"ಬದುಕಿರಬಹುದು," ಎಂದಳು ಸೊನ್ನೆ ಮಿಸ್. ಎಷ್ಟೋ ವರ್ಷದ ಮೇಲೆ ಅವಳಿಗೆ ನಗು ತಡೆಯಲು ಕಷ್ಟವಾಯಿತು.

ಅಲ್ಲಿಂದ ಮುಂದೆ ಪ್ರತಿ ಬುಧವಾರ ಆ ಅಜ್ಜಿಯ ಸುದ್ದಿ. ಅಜ್ಜಿಗೆ ಹಲ್ಲು ಬಿದ್ದಿರಬಹುದಾ ಮಿಸ್? ಅಜ್ಜಿ ಮೊಮ್ಮಕ್ಕಳಿಗೆ ನಾನು ಹಾಗೆ ಓಡ್ತಿದ್ದೆ, ಹೀಗೆ ಓಡ್ತಿದ್ದೆ ಅಂತ ಕೊಚ್ಕೋತಾ ಇರಬಹುದಾ? ಮೊಮ್ಮಕ್ಕಳಿಲ್ಲದ ಅಜ್ಜಿ ಸೀಮೆಸುಣ್ಣ ಹಿಡಿದು ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು. ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ ಎನ್ನುವುದರಲ್ಲಿ ಹೇಳುವ ಕಾಲ ಮೀರಿತು. ಹೇಳಿದರೆ ಈ ಹರಟೆ ನಿಂತುಹೋಗುತ್ತದೆ ಎಂಬ ಭಯ ಒಳಗೇ ಇತ್ತು. ವಾರದ ನೂರಾ ಅರವತ್ತೆಂಟು ಗಂಟೆಯಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಇದೊಂದು ಗಂಟೆ. ಅದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಮರುಪರೀಕ್ಷೆಯಲ್ಲಿ ಕೊಕ್ಕರೆಗೆ ನಲವತ್ತೊಂದು ಬಂತು. ಒಂದೂ ದಾನದ್ದಲ್ಲ. ಇನ್ನು ಅವಳು ಗಣಿತ ಸಂಘ ಬಿಡಬಹುದಿತ್ತು. ವರ್ಷಕ್ಕೆ ಒಂದೇ ಸಲ ಸಂಘ ಬದಲಾಯಿಸಲು ಅವಕಾಶ. ಮಕ್ಕಳು ಗೆಳತಿಯರ ಹಿಂದೆ ಸಂಘದಿಂದ ಸಂಘಕ್ಕೆ ಹಾರುತ್ತಾರೆಂದು ಹಿಂದೊಮ್ಮೆ ಸ್ಟಾಫ್ ಮೀಟಿಂಗಿನಲ್ಲಿ ಈ ನಿಯಮ ಮಾಡಿಸಿದವಳು ಸೊನ್ನೆ ಮಿಸ್ಸೇ. ಆ ಬುಧವಾರ ಅವಳು ಬೋರ್ಡಿನ ಮೇಲೆ ಏನನ್ನೂ ಬರೆಯದೆ ಕಾದಳು. ಹುಡುಗಿ ಎಂದಿನಂತೆ ಬಾಗಿಲಲ್ಲಿ ಬ್ಯಾಗು ಎಸೆದು ಬಂದು ಕೂತಳು. "ಅಜ್ಜಿ ಸುತ್ತುಗಳ ಲೆಕ್ಕ ಎಲ್ಲಾದ್ರೂ ಸಿಗುತ್ತಾ ಮಿಸ್?" ಅದು ಬೇಡ, ಇದನ್ನು ನೋಡು ಎಂದು ಸೊನ್ನೆ ಮಿಸ್ ಬರೆದಳು: ಮೂವತ್ತೇಳು, ಮೂವತ್ತೆಂಟು, ಮೂವತ್ತೆಂಟೂವರೆ, ಮೂವತ್ತೆಂಟು. ಕೂಡಿಸಿದರೆ ಎರಡು ನಿಮಿಷ ಮೂವತ್ತೊಂದೂವರೆ. ಅದು ಅಜ್ಜಿ ಓಡಿದ ಲೆಕ್ಕವಲ್ಲ, ಅಜ್ಜಿಯನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೋಲಿಸುವ ಲೆಕ್ಕ. ತನ್ನ ಹೆಸರು ಅಳಿಸಿಹೋಗಲಿ, ಅಳಿಸುವವಳು ಇವಳಾಗಲಿ ಎಂದು ಅವಳಿಗೆ ನಿಜವಾಗಿ ಅನ್ನಿಸಿತು.

ಕ್ರೀಡಾಕೂಟದ ದಿನ ಫಾದರ್ ಬಂದು ಮೈದಾನಕ್ಕೆ ಪವಿತ್ರ ಜಲ ಚಿಮುಕಿಸಿ ಆಶೀರ್ವಾದ ಮಾಡಿದರು. ಸುಣ್ಣದ ಗೆರೆ ಹಸಿಯಾಗುತ್ತದೆಂದು ಪಿ.ಟಿ. ಮೇಷ್ಟ್ರಿಗೆ ಸಂಕಟ. ಹುಡುಗಿಯ ಅಮ್ಮ ಬಂದಿರಲಿಲ್ಲ. ಡ್ಯೂಟಿ ಬದಲಾಯಿಸಿಕೊಳ್ಳಲು ಯಾರೂ ಸಿಗಲಿಲ್ಲವಂತೆ. ಓಟಕ್ಕೆ ನಿಲ್ಲುವ ಮೊದಲು ಕೊಕ್ಕರೆ ಒಮ್ಮೆ ತಾಯ್ತಂದೆಯರ ಕುರ್ಚಿಗಳ ಕಡೆ ನೋಡಿದಳು, ಆಮೇಲೆ ಸೊನ್ನೆ ಮಿಸ್ ಕಡೆ ನೋಡಿ ನಾಲ್ಕು ಬೆರಳು ತೋರಿಸಿದಳು. ನಾಲ್ಕು ಸುತ್ತು, ನಾಲ್ಕು ಲೆಕ್ಕ.

ವಾಚುಗಳಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ಅವರ ರೂಢಿ. ಸೀಟಿ ಕೂಗಿತು. ಮೂವರೂ ಒತ್ತಿದರು.

ಮೊದಲ ಸುತ್ತು ಮೂವತ್ತೇಳು. ಮೂರು ಜನ ಹುಡುಗಿಯರು ಕೊಕ್ಕರೆಗಿಂತ ಮುಂದೆ ಹೋದರು, ಅವಳು ಹೋಗಗೊಟ್ಟಳು. ಎರಡನೇ ಸುತ್ತಿಗೆ ಅವರ ಜಂಬ ಇಳಿಯಿತು. ಮೂರನೇ ಸುತ್ತಿನಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡದ್ದು ಸೊನ್ನೆ ಮಿಸ್ಸಿಗೆ ಕಂಡಿತು. ಈಗ ಎದೆ ಉರಿಯುತ್ತಿದೆ ಎಂದುಕೊಂಡಳು, ತನ್ನ ಎದೆಯೂ ಉರಿಯಿತು. ಆದರೆ ಹುಡುಗಿ ಕೈ ಬೀಸುವುದನ್ನು ಬಿಡಲಿಲ್ಲ. ಕೊನೆಯ ತಿರುವು ದಾಟಿದಾಗ ಅವಳ ಹಿಂದೆ ಮೂವತ್ತು ಮೀಟರು ಯಾರೂ ಇರಲಿಲ್ಲ; ಅವಳು ಒಬ್ಬ ಅಜ್ಜಿಯ ಜೊತೆ ಓಡುತ್ತಿದ್ದಳು. ಸೊನ್ನೆ ಮಿಸ್ ವಾಚು ನೋಡಿದಳು, ಹುಡುಗಿಯನ್ನು ನೋಡಿದಳು. ಬಂತು ಎನ್ನಿಸಿತು. ಲೆಕ್ಕ ಸರಿಹೋಯಿತು ಎನ್ನಿಸಿತು.

ಆಮೇಲಿನ ಎರಡು ಮೂರು ಸೆಕೆಂಡ್ ಅವಳು ತನ್ನ ವಶದಲ್ಲಿರಲಿಲ್ಲ. ಹುಡುಗಿ ಎದೆ ಮುಂದೆ ಮಾಡಿ ದಾರ ಹರಿದುಕೊಂಡು ಹೋದಾಗ ಅವಳು ಗೆರೆಯ ಪಕ್ಕದಲ್ಲಿ ನಿಂತು ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದಳು. ವಾಚು ಕೊರಳ ದಾರದಲ್ಲಿ ನೇತಾಡುತ್ತ ಎದೆಯ ಮೇಲೆ ಕುಣಿಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವಳ ಹೆಬ್ಬೆರಳು ತಪ್ಪಿದ್ದು ಅದೊಂದೇ ಸಲ.

"ಎರಡು ಮೂವತ್ತೊಂದು ಪಾಯಿಂಟ್ ಎರಡು," ಎಂದು ಪಿ.ಟಿ. ಮೇಷ್ಟ್ರು ವಾಚು ಚಾಚಿದರು.

"ಎರಡು ಮೂವತ್ತೊಂದು ಪಾಯಿಂಟ್ ಒಂಬತ್ತು," ಎಂದು ಅಟೆಂಡರ್ ಚಾಚಿದ.

"ನಿಮ್ದು ಮಿಸ್?"

ಆಗ ಅವಳು ಎದೆಯ ಮೇಲಿನ ವಾಚನ್ನು ಮುಟ್ಟಿದಳು. ಅದು ಇನ್ನೂ ಓಡುತ್ತಿತ್ತು. ಒತ್ತಿದಳು. ಎರಡು ನಲವತ್ತೆಂಟು.

ಪಾಯಿಂಟ್ ನಾಲ್ಕು ಎಂದಿದ್ದರೆ ಸಾಕಿತ್ತು. ಅದು ಪಾಯಿಂಟ್ ನಾಲ್ಕೇ ಎಂದು ಅವಳ ಕಣ್ಣು ಆಣೆ ಮಾಡಿ ಹೇಳುತ್ತಿತ್ತು. ಯಾರೂ ವಾಚು ತೋರಿಸಿ ಎನ್ನುತ್ತಿರಲಿಲ್ಲ. ಹುಡುಗಿ ಮೂರು ಅಡಿ ದೂರದಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತ ಮುಖ ಎತ್ತಿ ಕಾಯುತ್ತಿದ್ದಳು. ಒಂದು ಮಾತು, ಒಂದು ಅಂಕಿ. ಆದರೆ ಕಣ್ಣು ವಾಚಲ್ಲ. ಬರೆಯದ ಉತ್ತರಕ್ಕೆ ಮಾರ್ಕು ಕೊಟ್ಟು ಅವಳಿಗೆ ಗೊತ್ತಿರಲಿಲ್ಲ.

"ನಾನು ನಿಲ್ಲಿಸಲಿಲ್ಲ," ಎಂದಳು.

"ಏನಂದ್ರಿ?"

"ವಾಚ್ ನಿಲ್ಲಿಸೋದು ತಪ್ಪಿಹೋಯ್ತು. ಎರಡೇ ವಾಚ್ ಇದ್ರೆ ತಡವಾದದ್ದನ್ನ ತಗೋಬೇಕು. ಎರಡು ಮೂವತ್ತೊಂದು ಪಾಯಿಂಟ್ ಒಂಬತ್ತು ಅಂತ ಬರ್ಕೊಳ್ಳಿ."

ದಾಖಲೆಗಿಂತ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಹೆಚ್ಚು. ಹೆಡ್ ಸಿಸ್ಟರ್ ಕೋಲೂರಿಕೊಂಡು ಹತ್ತಿರ ಬಂದರು. ಎಂಬತ್ತರ ಹತ್ತಿರದವರು, ಒಳ್ಳೆಯವರು, ಕಿವಿ ಮಂದವಾದ್ದರಿಂದ ಮಾತು ಯಾವಾಗಲೂ ಜೋರು. ಅವರು ಸೊನ್ನೆ ಮಿಸ್ಸಿನ ಬೆನ್ನು ತಟ್ಟಿ ನಕ್ಕರು. "ಹಾಗಾದ್ರೆ ನಿನ್ನ ಹೆಸರು ಬೋರ್ಡ್ ಮೇಲೆ ಇನ್ನೊಂದು ವರ್ಷ ಇರುತ್ತೆ ಬಿಡು ಮಗಳೇ. ನಿಮ್ಮಮ್ಮ ಇದ್ದಿದ್ರೆ ಖುಷಿಪಡ್ತಿದ್ಲು."

ಪ್ರೀತಿಯಿಂದ ಆಡಿದ ಮಾತು. ಕತ್ತಿಗೂ ಆ ಕೆಲಸ ಅಷ್ಟು ನೀಟಾಗಿ ಮಾಡಲು ಬರುತ್ತಿರಲಿಲ್ಲ.

ಕೊಕ್ಕರೆ ನೆಟ್ಟಗೆ ನಿಂತಳು. "ಆ ಅಜ್ಜಿ ನೀವೇನಾ ಮಿಸ್?"

"ಹೌದು."

"ಯಾಕೆ ಹೇಳಲಿಲ್ಲ?"

ಅದಕ್ಕೆ ಉತ್ತರವಿತ್ತು, ಅಲ್ಲಿ ಅಷ್ಟು ಜನರ ನಡುವೆ ಹೇಳುವಂಥದ್ದಾಗಿರಲಿಲ್ಲ. ಹುಡುಗಿ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೊರಟುಹೋದಳು.

ಮಾರನೆಯ ದಿನ ಸ್ಟಾಫ್ ರೂಮಿಗೆ ಹೋದಾಗ ನಡೆಯುತ್ತಿದ್ದ ಮಾತು ನಿಂತಿತು. ಬೇಲಿಯೇ ಎದ್ದು ಹೊಲ ಮೇದರೆ ಎನ್ನುವ ಅರ್ಧ ಗಾದೆ ಬಾಗಿಲ ಹೊರಗೇ ಅವಳ ಕಿವಿಗೆ ಬಿದ್ದಿತ್ತು. ಉಳಿದರ್ಧವನ್ನು ಅವಳು ತಾನೇ ಮನಸ್ಸಿನಲ್ಲಿ ಮುಗಿಸಿಕೊಂಡಳು. ಪಿ.ಟಿ. ಮೇಷ್ಟ್ರು ನಮಸ್ಕಾರ ಹೇಳಿದರು, ಆದರೆ ಪರೀಕ್ಷೆಯ ಮೇಲ್ವಿಚಾರಕರಿಗೆ ಹೇಳುವ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಷ್ಟೋ ಸಲ ಕೆಟ್ಟವಳಾಗಿದ್ದಳು, ಕಳ್ಳಿಯಾದದ್ದು ಮೊದಲ ಸಲ. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೇಳಬಹುದಿತ್ತು. ಕೇಳದವರ ಬಳಿ ಹೋಗಿ ನಾನು ಕದ್ದಿಲ್ಲ ಎನ್ನುವುದು ಹೇಗೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ಶುಕ್ರವಾರ ಸಂಜೆ ಅವಳು ಚಾಪೆಲ್ಲಿಗೆ ಹೋಗಿ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿದಳು. ಆಚೆ ಕಡೆ ಫಾದರ್ ಕೆಮ್ಮಿದರು.

"ಹೇಳಮ್ಮ."

"ಓಟದಲ್ಲಿ ಚಪ್ಪಾಳೆ ತಟ್ಟಿದೆ ಫಾದರ್. ವಾಚ್ ನಿಲ್ಲಿಸೋದು ಮರೆತೆ."

"ಚಪ್ಪಾಳೆ ತಟ್ಟೋದು ಪಾಪ ಅಲ್ಲಮ್ಮ."

"ಗೊತ್ತು ಫಾದರ್."

"ಮತ್ತೆ?"

"ಬೇರೆ ಯಾರ ಹತ್ರ ಹೇಳ್ಲಿ ಅಂತ ಗೊತ್ತಾಗಲಿಲ್ಲ."

ಜಾಲರಿಯ ಆಚೆ ಫಾದರ್ ಮತ್ತೆ ಕೆಮ್ಮಿದರು. ಪ್ರಾಯಶ್ಚಿತ್ತಕ್ಕೆ ಏನು ಕೊಡಬೇಕೆಂದು ಅವರಿಗೂ ತೋಚಲಿಲ್ಲ. ಸಮಾಧಾನದಿಂದ ಹೋಗಿ ಬಾ ಎಂದರು. ಅವಳು ಎರಡು ಬೀದಿ ನಡೆದು ಕಬ್ಬಿಣದ ಮೆಟ್ಟಿಲು ಹತ್ತಿ ಕೋಣೆಗೆ ಹೋದಳು. ಭಾನುವಾರ ಅಣ್ಣ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿದ. ಆಯ್ತು ಎಂದಳು.

ಬುಧವಾರ ಬಂತು. ಕೊಕ್ಕರೆ ಬರಲಿಲ್ಲ. ಸೊನ್ನೆ ಮಿಸ್ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಗಂಟೆ ಹೊಡೆಯುವವರೆಗೆ ಕೂತು, ಹಾಜರಿ ಪುಸ್ತಕದಲ್ಲಿ ಸೊನ್ನೆ ಬರೆದು ಎದ್ದಳು. ಮುಂದಿನ ಬುಧವಾರವೂ ಅದೇ. ತರಗತಿಯಲ್ಲಿ ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು, ಕೇಳಿದ್ದಕ್ಕೆ ಎದ್ದು ನಿಂತು ಸರಿಯಾದ ಉತ್ತರ ಕೊಡುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಗಾಯನ ಸಂಘದ ಸಿಸ್ಟರ್ ಎರಡು ಸಲ ಬಂದು ಕೋಣೆಯ ಅಗಲ ಉದ್ದ ನೋಡಿಕೊಂಡು ಹೋದರು. ಈ ಸಂಘ ಮುಚ್ಚಿದರೆ ಕೋಣೆ ಅವರಿಗೆ.

ಮೂರನೇ ಬುಧವಾರ ಅರ್ಧ ಪೀರಿಯಡ್ಡು ಕಳೆದಿತ್ತು. ಬಾಗಿಲಲ್ಲಿ ನೆರಳಾಯಿತು. ಕೊಕ್ಕರೆ ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಆವತ್ತು ವಾಚ್ ಯಾಕೆ ನಿಲ್ಲಿಸಲಿಲ್ಲ ಮಿಸ್?"

ಇಷ್ಟು ದಿನದಲ್ಲಿ ಬಾಯಿಬಿಟ್ಟು ಕೇಳಿದವಳು ಇವಳೊಬ್ಬಳೇ.

"ಚಪ್ಪಾಳೆ ತಟ್ತಾ ಇದ್ದೆ," ಎಂದಳು ಸೊನ್ನೆ ಮಿಸ್. "ಎರಡೂ ಕೈ ಬೇಕಾಯ್ತು."

ಹುಡುಗಿ ಅವಳನ್ನೇ ನೋಡಿದಳು. ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ತೊಡಿಸಬಹುದಿತ್ತು. ಇದು ಬೆತ್ತಲೆ ನಿಂತಿತ್ತು.

"ಎಲ್ಲರೂ ಬೇರೆ ಥರ ಹೇಳ್ತಾರೆ."

"ಗೊತ್ತು."

"ನೀವು ಸುಮ್ನೆ ಪಾಯಿಂಟ್ ನಾಲ್ಕೋ ಐದೋ ಅಂದಿದ್ರೂ ಆಗ್ತಿತ್ತು."

"ಆಗ್ತಿತ್ತು."

ಕೊಕ್ಕರೆ ಕಾಲಿನಿಂದ ಹೊಸ್ತಿಲನ್ನು ಉಜ್ಜಿದಳು. "ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಯೋಚನೆ ಮಾಡಿದೆ. ಮೂವತ್ನಾಲ್ಕಕ್ಕೆ ಒಂದು ಮಾರ್ಕ್ ಸೇರಿಸ್ದೇ ಇದ್ದೋರು ನೀವು. ನನ್ನನ್ನ ಓಡಿಸಬಾರದು ಅಂತಿದ್ರೆ ಮರುಪರೀಕ್ಷೇಲೇ ಫೇಲ್ ಮಾಡಿಬಿಡ್ತಿದ್ರಿ. ಸುತ್ತುಗಳ ಲೆಕ್ಕ ಬರ್ಕೊಡ್ತಿರಲಿಲ್ಲ." ಆಮೇಲೆ ಮೆಲ್ಲಗೆ ಹೇಳಿದಳು, "ಓಡುವಾಗ ಚಪ್ಪಾಳೆ ಕೇಳಿಸ್ತು ಮಿಸ್ ನಂಗೆ. ಒಬ್ಬರದೇ, ಹತ್ತಿರದಿಂದ. ಯಾರದು ಅಂತ ಗೊತ್ತಾಗಿರಲಿಲ್ಲ."

ಸೊನ್ನೆ ಮಿಸ್ ಪಕ್ಕದ ಬೆಂಚು ತೋರಿಸಿ, "ಕೂತ್ಕೋ," ಎಂದಳು.

"ಕೂತ್ಕೊಂಡ್ರೂ ಲೆಕ್ಕಕ್ಕಿಲ್ಲ ಮಿಸ್. ನಾನು ಅವತ್ತೇ ನಾಟಕ ಸಂಘಕ್ಕೆ ಬರ್ಕೊಟ್ಟುಬಿಟ್ಟೆ. ಹೆಡ್ ಸಿಸ್ಟರ್ ಸೈನ್ ಆಯ್ತು. ವರ್ಷಕ್ಕೆ ಒಂದೇ ಸಲ ಅಂತೆ, ವಾಪಸ್ ಬರೋ ಹಾಗಿಲ್ಲ. ಕೇಳ್ದೆ. ಅಳುಬಂದು ಎರಡು ಸಲ ಕೇಳ್ದೆ. ಈ ರೂಲ್ಸ್ ಯಾರು ಮಾಡಿದ್ದೋ."

ಯಾರು ಮಾಡಿದ್ದೆಂದು ಸೊನ್ನೆ ಮಿಸ್ಸಿಗೆ ಗೊತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ನಾನೇ," ಎಂದಳು.

ಹುಡುಗಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ತೋಳಿನಲ್ಲಿ ಒರೆಸಿಕೊಂಡು ಒಳಗೆ ಬಂದು ತನ್ನ ಹಳೆಯ ಜಾಗದಲ್ಲೇ ಕೂತಳು. ನಾಟಕದವರು ಕರೆಯುತ್ತಾರೇನೋ ಎಂದಳು ಮಿಸ್. ಕರೆಯಲಿ, ನಾನು ಮೂರನೇ ಅಂಕದಲ್ಲಿ ಬರುವ ಮರ, ಮೊದಲೆರಡಕ್ಕೆ ಬೇಡ ಎಂದಳು ಹುಡುಗಿ. ಬೋರ್ಡಿನ ಮೇಲೆ ಯಾರಿಗೂ ಅಲ್ಲದೆ ಬರೆದಿಟ್ಟಿದ್ದ ಲೆಕ್ಕವೊಂದಿತ್ತು. ಅವಳು ಅದನ್ನು ಹಾಳೆಗೆ ಇಳಿಸಿಕೊಂಡು ಬಿಡಿಸತೊಡಗಿದಳು. ಎರಡನೇ ಹಂತದಲ್ಲಿ ತಪ್ಪಿದಳು, ತಾನೇ ಹೊಡೆದುಹಾಕಿ ತಿದ್ದಿಕೊಂಡಳು. ಸೊನ್ನೆ ಮಿಸ್ ನೋಡುತ್ತ ಕೂತಳು. ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ ಹಾಜರಿ ಪುಸ್ತಕ ತೆರೆದಳು.

"ಏನು ಬರೀತೀರ?" ಎಂದು ಹುಡುಗಿ ತಲೆಯೆತ್ತದೆ ಕೇಳಿದಳು.

"ಬೇರೆ ಸಂಘದವರನ್ನ ಇಲ್ಲಿ ಬರೆಯೋ ಹಾಗಿಲ್ಲ."

"ಗೊತ್ತು. ಬರೀರಿ."

ಸೊನ್ನೆ ಮಿಸ್ ಬರೆದಳು. ಎದುರಿಗೆ ಹುಡುಗಿ ಕೂತಿರುವಾಗಲೇ, ದುಂಡಗೆ, ಒಂದು ಸೊನ್ನೆ. ಕೆಳಗೆ ಸಹಿ ಹಾಕಿ, ಸಂಘವನ್ನು ಮುಚ್ಚಲಾಗಿದೆ ಎಂದು ಬರೆದು ತಾರೀಕು ಹಾಕಿದಳು.

ಗಂಟೆ ಹೊಡೆಯಿತು. ಹುಡುಗಿ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟಳು, ಉತ್ತರ ಸರಿಯಿತ್ತು. ಬ್ಯಾಗು ಹೆಗಲಿಗೇರಿಸಿ ಪ್ರತಿ ಬುಧವಾರ ನಿಲ್ಲುತ್ತಿದ್ದ ಹಾಗೇ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಹೊರಗೆ ಗಾಯನ ಸಂಘದ ಸಿಸ್ಟರ್ ಹಾರ್ಮೋನಿಯಂ ಇಡುವ ಜಾಗ ಅಳೆಯಲು ಟೇಪು ಹಿಡಿದು ಕಾಯುತ್ತಿದ್ದರು. ಎರಡು ತಿಂಗಳಿಗೆ ಪಬ್ಲಿಕ್ ಪರೀಕ್ಷೆ, ಆಮೇಲೆ ಈ ಹುಡುಗಿ ಈ ಗೇಟು ದಾಟಿದರೆ ದಾಟಿದಳು.

"ಬರ್ತೀನಿ ಮಿಸ್," ಎಂದಳು ಕೊಕ್ಕರೆ.

ಹೋಗುವವರೆಲ್ಲ ಹೇಳುವ ಮಾತು ಅದು. ಬರಲು ಇನ್ನು ಬುಧವಾರವಿಲ್ಲ, ಕೋಣೆಯಿಲ್ಲ, ಸಂಘವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಯಾರಿಗೂ ಇಲ್ಲದ ಲೆಕ್ಕವನ್ನು ಇದೆ ಎಂದಿರದ ಸೊನ್ನೆ ಮಿಸ್ ಡಸ್ಟರ್ ಕೈಗೆತ್ತಿಕೊಂಡು, ಬೋರ್ಡಿನ ಕಡೆ ತಿರುಗಿ, "ಹೂಂ, ಬಾ," ಎಂದಳು.